ಪ್ರತಿಕ್ರಿಯೆ: ಪಲ್ಲೇಡಿಯಂ ಸೆನ್ಸರ್ ಮೊದಲಿನ ರೀಡಿಂಗ್‌ಗೆ ಮರಳುತ್ತಿಲ್ಲ

ಹೈಡ್ರೋಜನ್ ಅನಿಲ ಪತ್ತೆಹಚ್ಚುವ ನಿಮ್ಮ ಸೆನ್ಸರ್‌ನಲ್ಲಿ, ಹೈಡ್ರೋಜನ್ ತೆಗೆದ ಮೇಲೂ ಪಲ್ಲೇಡಿಯಂ ಲೋಹದ ಪದರದ ವಿದ್ಯುತ್ ರೋಧ ಹಳೆಯ ಮಟ್ಟಕ್ಕೆ ಇಳಿಯುತ್ತಿಲ್ಲ, ಪದರದ ಬದಲು ನ್ಯಾನೊಕಣ (ಅತಿ ಸೂಕ್ಷ್ಮ ಕಣ) ಬಳಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಅರ್ಧ ಸರಿಹೋಗುತ್ತದೆ.

ಪಲ್ಲೇಡಿಯಂ ಮೇಲ್ಮೈಯಲ್ಲಿ ಹೈಡ್ರೋಜನ್ ಅಣು ಒಡೆದು ಪರಮಾಣುಗಳಾಗಿ ಲೋಹದೊಳಕ್ಕೆ ಇಳಿಯುತ್ತದೆ, ರೋಧ ಏರುತ್ತದೆ. ಅನಿಲ ಕಡಿಮೆಯಿದ್ದಾಗ ತೊಂದರೆಯಿಲ್ಲ. ಕೋಣೆಯ ಉಷ್ಣತೆಯಲ್ಲಿ ಅನಿಲದಲ್ಲಿ ಹೈಡ್ರೋಜನ್ ಸುಮಾರು 1–2% ದಾಟಿದರೆ ಲೋಹ ಹೈಡ್ರೈಡ್ (ಲೋಹ-ಹೈಡ್ರೋಜನ್ ಸಂಯುಕ್ತ) ಆಗಿ ಬದಲಾಗಿ, ಗಾತ್ರ ಸುಮಾರು 10% ಹಿಗ್ಗುತ್ತದೆ. ತಳಕ್ಕೆ ಅಂಟಿಕೊಂಡ ಪದರ ಹಿಗ್ಗಲು ಜಾಗವಿಲ್ಲದೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಏಳುತ್ತದೆ. ಆ ಹಾನಿ ಶಾಶ್ವತ. ಹಾಗಾಗಿ ಮೊದಲು ಸೂಕ್ಷ್ಮದರ್ಶಕದಲ್ಲಿ ಪದರ ನೋಡಿ.

ಕಣ ಚಿಕ್ಕದಾದರೆ ಹೈಡ್ರೋಜನ್ ಸಾಗಬೇಕಾದ ದೂರ ಕಡಿಮೆ, ಪ್ರತಿಕ್ರಿಯೆ ಬೇಗ. ಹಿಗ್ಗಿದರೂ ಒಡೆಯುವುದು ಕಡಿಮೆ. ಆದರೆ ಲೋಹ ಹೈಡ್ರೈಡ್ ಆಗುತ್ತಾ ಹೈಡ್ರೋಜನ್ ಹೀರುವಾಗಿನ ಅನಿಲದ ಒತ್ತಡ ಒಂದು, ಬಿಡುವಾಗಿನದು ಇನ್ನೊಂದು. ಒಂದೇ ಪ್ರಮಾಣದ ಅನಿಲಕ್ಕೆ ಎರಡು ರೀಡಿಂಗ್ ಕೊಡುವ ಈ ಗುಣ ನ್ಯಾನೊ ಮಾಡಿದ ಮಾತ್ರಕ್ಕೆ ಹೋಗದು. ಇದಕ್ಕೆ ನನಗೆ ಮೆಚ್ಚಿಗೆಯಾದ ದಾರಿ ಚಿನ್ನದ ಮಿಶ್ರಣ: ಸುಮಾರು 25% ಚಿನ್ನ ಸೇರಿಸಿದರೆ ಹೈಡ್ರೈಡ್ ಆಗುವ ಆ ಹಂತಬದಲಾವಣೆಯೇ ಅಡಗುತ್ತದೆ. ಸಂವೇದನೆ ಸ್ವಲ್ಪ ಬದಲಾಗುತ್ತದೆ, ಆದರೂ ನಂಬಬಹುದಾದ ರೀಡಿಂಗ್ ಸಿಗುತ್ತದೆ.

ಇನ್ನೊಂದು ಮಾತು. ನೀವು ಬರೀ ನೈಟ್ರೋಜನ್ ಹಾಯಿಸಿ ಕಾಯುತ್ತಿದ್ದೀರಾ? ಸೆನ್ಸರ್ ಸುತ್ತಲಿನ ಹೈಡ್ರೋಜನ್ ಅನಿಲ ಪೂರ್ತಿ ಹೊರಹೋದ ಮೇಲೆ ಒಣಗಾಳಿ ಬಿಟ್ಟು ನೋಡಿ. ಮೇಲ್ಮೈಯ ಹೈಡ್ರೋಜನ್ ಆಮ್ಲಜನಕದೊಡನೆ ಸೇರಿ ನೀರಾಗಿ ಹೋಗುವುದರಿಂದ ಚೇತರಿಕೆ ಬೇಗ. ಹೈಡ್ರೋಜನ್ ಮತ್ತು ಗಾಳಿ ಬೆರೆಯದಂತೆ ದಯವಿಟ್ಟು ಎಚ್ಚರವಹಿಸಿ. ಗಾಳಿಯಲ್ಲಿ 4% ಹೈಡ್ರೋಜನ್ ಇದ್ದರೆ ಸಾಕು, ಕಣ್ಣಿಗೆ ಕಾಣದ ಕಿಡಿಗೂ ಹೊತ್ತಿಕೊಳ್ಳುತ್ತದೆ.