ನಿಮಾಲಿಂಗ್ ಬಯಲಿಗೆ ಯಾವ ಟೆಂಟ್?

ಪ್ರಶ್ನೆ: ನಾನು, ನನ್ನ ಹೆಂಡತಿ ಆಗಸ್ಟ್ ಕೊನೆಗೆ ಲಡಾಖ್‌ನ ಮಾರ್ಖಾ ಕಣಿವೆ ಚಾರಣಕ್ಕೆ ಹೊರಟಿದ್ದೇವೆ. ದಾರಿಯ ಹಳ್ಳಿಗಳಲ್ಲಿ ಹೋಂಸ್ಟೇ ಸಿಗುತ್ತದೆ, ಆದರೂ ನಮ್ಮದೇ ಟೆಂಟ್‌ನಲ್ಲಿ ಮಲಗುವ ಆಸೆ. ಕುದುರೆ, ಪೋರ್ಟರ್ ಇಲ್ಲ, ಎಲ್ಲ ನಮ್ಮ ಬೆನ್ನ ಮೇಲೇ. ಒಂದು ಕೆಜಿಯ ಟ್ರೆಕ್ಕಿಂಗ್ ಪೋಲ್ ಟೆಂಟ್ (ನಡೆಯುವಾಗ ಹಿಡಿಯುವ ಕೋಲನ್ನೇ ಕಂಬ ಮಾಡಿ ನಿಲ್ಲಿಸುವಂಥದ್ದು) ನೋಡಿಟ್ಟಿದ್ದೇವೆ. ಅಂಗಡಿಯವರು ಎರಡೂವರೆ ಕೆಜಿಯ ‘ಫೋರ್ ಸೀಸನ್’ ಟೆಂಟೇ ಬೇಕು ಅನ್ನುತ್ತಾರೆ. ಯಾವುದು ಸರಿ?
(ಮೈಸೂರಿನ ಓದುಗರು)

ಉತ್ತರ: ನಿಮ್ಮ ದಾರಿಗೆ ಎರಡೂ ಬೇಡ. ಒಂದೂವರೆಯಿಂದ ಎರಡು ಕೆಜಿ ಒಳಗಿನ, ಎರಡು ಪದರದ, ಗೂಟ ಇಲ್ಲದೆಯೂ ತಾನೇ ನಿಲ್ಲುವ ಡೋಮ್ ಟೆಂಟ್ ತೆಗೆದುಕೊಳ್ಳಿ.

ಈ ದಾರಿಯಲ್ಲಿ ಟೆಂಟ್‌ಗೆ ನಿಜವಾದ ಪರೀಕ್ಷೆ ನಿಮಾಲಿಂಗ್‌ನಲ್ಲಿ. ಸ್ಕಿಯು, ಮಾರ್ಖಾ, ಹಾಂಕರ್ ಹಳ್ಳಿಗಳ ಹತ್ತಿರ ಗೋಡೆಯದ್ದೋ ಬೆಟ್ಟದ್ದೋ ಒಂದು ಮರೆ ಸಿಗುತ್ತದೆ. ನಿಮಾಲಿಂಗ್ ಹಾಗಲ್ಲ. 4,700 ಮೀಟರಿಗೂ ಮೇಲಿನ ಬಟ್ಟಬಯಲು, ಬೇಸಿಗೆಯಲ್ಲಿ ಕುರಿ, ಯಾಕ್ ಮೇಯುವ ಜಾಗ. ಗಾಳಿಗೆ ಅಡ್ಡ ಅಂತ ಒಂದು ಮರವೂ ಇಲ್ಲ. ಆಗಸ್ಟ್‌ನಲ್ಲೂ ಹಿಮ ಬೀಳಬಹುದು. ಮಾರನೇ ದಿನ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ಎಂಬ ಘಾಟಿ ದಾಟಬೇಕು. ರಾತ್ರಿಯೆಲ್ಲ ಟೆಂಟ್ ಹಿಡಿದುಕೊಂಡು ಕೂತರೆ ಆ ಏರು ಹತ್ತುವುದು ಹೇಗೆ?

ಗಾಳಿಯ ವೇಗ ಎರಡು ಪಟ್ಟಾದರೆ ಟೆಂಟ್ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟು. ಗಂಟೆಗೆ 30 ಕಿಮೀ ಗಾಳಿಯಲ್ಲಿ ಚೆನ್ನಾಗಿ ನಿಂತ ಟೆಂಟ್ 60 ಕಿಮೀ ಗಾಳಿಗೆ ಮಲಗಿಬಿಡುವುದು ಇದಕ್ಕೇ. ಟ್ರೆಕ್ಕಿಂಗ್ ಪೋಲ್ ಟೆಂಟ್ ನಿಲ್ಲುವುದೇ ಗೂಟಗಳ ಬಲದಿಂದ. ಗೂಟ ಗಟ್ಟಿಯಾಗಿ ಕೂರುವ ಮಣ್ಣಿದ್ದರೆ ಒಳ್ಳೆಯ ಟ್ರೆಕ್ಕಿಂಗ್ ಪೋಲ್ ಟೆಂಟ್ ಜೋರು ಗಾಳಿಯನ್ನೂ ತಡೆಯುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಲಡಾಖ್‌ನ ನೆಲ ಬಹಳ ಕಡೆ ಜಲ್ಲಿ. ಗೂಟ ಅರ್ಧ ಹೋಗಿ ಕಲ್ಲಿಗೆ ತಾಗುತ್ತದೆ, ಇಲ್ಲವೇ ಸಡಿಲ ಜಲ್ಲಿಯಲ್ಲಿ ಸುಮ್ನೆ ಅಲ್ಲಾಡುತ್ತದೆ. ಮುಖ್ಯವಾದ ಒಂದು ಗೂಟ ಕಿತ್ತರೂ ಸಾಕು, ಬಟ್ಟೆ ಮುಖದ ಮೇಲೆ. ಡೋಮ್‌ನಲ್ಲಿ ಒಂದು ಗೂಟ ಕಿತ್ತರೆ ಎದ್ದು ಸರಿ ಮಾಡುವಷ್ಟು ಸಮಯ ಸಿಗುತ್ತದೆ.

ಫೋರ್ ಸೀಸನ್ ಟೆಂಟ್ ಕೆಟ್ಟದ್ದಲ್ಲ. ದಪ್ಪ ಪೋಲ್, ನೆಲ ಮುಟ್ಟುವ ಹೊರಪದರ, ಎಲ್ಲವೂ ಚಳಿಗಾಲದ ಹಿಮಕ್ಕೆ, ಬಿರುಗಾಳಿಗೆ ಮಾಡಿದ್ದು. ಸ್ವೀಡನ್ನಿನ ಹಿಲ್ಲೆಬರ್ಗ್ ಕಂಪನಿಯ ನಲ್ಲೋ 2 ಅಂಥದ್ದು, ಸುಮಾರು 2.4 ಕೆಜಿ. ನಿಮ್ಮ ಆಗಸ್ಟ್ ಚಾರಣಕ್ಕೆ ಅಷ್ಟು ಹೊರುವ ಅಗತ್ಯ ಇಲ್ಲ. ಎಂಎಸ್‌ಆರ್ ಹಬ್ಬಾ ಹಬ್ಬಾ, ಬಿಗ್ ಆಗ್ನೆಸ್ ಕಾಪರ್ ಸ್ಪರ್ ತರಹದ ಡೋಮ್‌ಗಳು ಒಂದೂವರೆ ಕೆಜಿ ಆಸುಪಾಸು ಬರುತ್ತವೆ. ಬೆಲೆ ಜಾಸ್ತಿ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಕೆಜಿಯ ಟ್ರೆಕ್ಕಿಂಗ್ ಡೋಮ್ ಆದರೂ ಪರವಾಗಿಲ್ಲ. ಅರ್ಧ ಕೆಜಿ ವ್ಯತ್ಯಾಸ ಇಬ್ಬರಿಗೆ ಹಂಚಿದರೆ ತಲಾ ಕಾಲು ಕೆಜಿ, ಅಷ್ಟೇ ಅಲ್ವಾ?

ಬ್ರ್ಯಾಂಡ್‌ಗಿಂತ ಮುಖ್ಯವಾದ ಒಂದು ವಿಷಯವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಟೆಂಟ್ ನಿಲ್ಲಿಸಲು ಹೇಳಿ. ಹೊರಪದರದ ಮಧ್ಯಭಾಗದಲ್ಲಿ ಹಗ್ಗ ಕಟ್ಟುವ ಕುಣಿಕೆಗಳಿರುತ್ತವೆ. ಆ ಕುಣಿಕೆಯ ಹಿಂದೆ, ಬಟ್ಟೆಯ ಒಳಮೈಯಲ್ಲಿ, ಬೆರಳುದ್ದದ ವೆಲ್ಕ್ರೋ ಪಟ್ಟಿ ಇದೆಯಾ ನೋಡಿ. ಅದನ್ನು ಪೋಲ್‌ಗೆ ಸುತ್ತಿ ಅಂಟಿಸಬೇಕು. ಆಗ ಹಗ್ಗ ಎಳೆದದ್ದು ಪೋಲ್‌ಗೆ ತಲುಪುತ್ತದೆ, ಪೋಲ್ ಬಾಗದೆ ನಿಲ್ಲುತ್ತದೆ. ಪಟ್ಟಿ ಇಲ್ಲದಿದ್ದರೆ, ಅಥವಾ ಇದ್ದೂ ಕಟ್ಟದಿದ್ದರೆ, ಹಗ್ಗ ಬರೀ ಬಟ್ಟೆಯನ್ನು ಎಳೆಯುತ್ತದೆ. ಎಷ್ಟೋ ಜನ ಈ ಪಟ್ಟಿ ಇರುವುದನ್ನೇ ಗಮನಿಸುವುದಿಲ್ಲ. ಜೋರು ಗಾಳಿಗೆ ಪೋಲ್ ಮುರಿಯಲು ಇದೂ ಒಂದು ದೊಡ್ಡ ಕಾರಣ.

ಒಳಪದರ ಪೂರ್ತಿ ಸೊಳ್ಳೆಪರದೆಯಂತಿರುವುದು ಬೇಡ. ಲಡಾಖ್‌ನ ಧೂಳು ಹೊರಪದರದ ಅಡಿಯಿಂದ ನುಗ್ಗಿ ಜಾಲರಿಯಲ್ಲಿ ಸೋಸಿಕೊಂಡು ಮಲಗುವ ಚೀಲದ ಮೇಲೆ ಕೂರುತ್ತದೆ. ಕೆಳಗಿನ ಅರ್ಧವಾದರೂ ಬಟ್ಟೆ ಇರಲಿ. ಹೊರಪದರ ನೈಲಾನ್ ಆದರೆ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ, ಮಲಗುವ ಮುಂಚೆ ಒಮ್ಮೆ ಹಗ್ಗ ಬಿಗಿ ಮಾಡಿ. ಪಾಲಿಯೆಸ್ಟರ್‌ಗೆ ಈ ತೊಂದರೆ ಕಡಿಮೆ. ಅಗಲ ಕನಿಷ್ಠ 125 ಸೆಂಮೀ ಇರಲಿ. ಮಾಮೂಲಿ ಮ್ಯಾಟ್ 51 ಸೆಂಮೀ ಅಗಲ, ಎರಡು ಹಾಸಿದ ಮೇಲೂ ಬಟ್ಟೆಬರೆಗೆ ಸ್ವಲ್ಪ ಜಾಗ ಉಳಿಯಬೇಕು.

ಇನ್ನು ಟೆಂಟ್ ಹಾಕುವ ರೀತಿ. ಬಿಸಿಲಿನ ದಿನ ಮಧ್ಯಾಹ್ನ ಗಾಳಿ ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ, ಕತ್ತಲಾದ ಮೇಲೆ ತಣ್ಣಗಿನ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಜೋರು ಗಾಳಿ ಬರುವ ಕಡೆಗೆ ಟೆಂಟ್‌ನ ಕಿರಿದಾದ, ತಗ್ಗಾದ ತುದಿ ಇರಲಿ, ಅಗಲದ ಬದಿ ಬೇಡ. ಗೂಟ ಕೂರದಿದ್ದರೆ ಹಗ್ಗವನ್ನು ಒಂದು ಚಿಕ್ಕ ಕಲ್ಲಿಗೆ ಬಿಗಿಯಾಗಿ ಕಟ್ಟಿ, ಅದರ ಮುಂದೆ, ಟೆಂಟ್ ಕಡೆಗೆ, ಹಗ್ಗದ ಮೇಲೇ ಒಂದು ದೊಡ್ಡ ಕಲ್ಲು ಇಡಿ. ಗಾಳಿ ಎಳೆದಾಗ ಚಿಕ್ಕ ಕಲ್ಲು ಹೋಗಿ ದೊಡ್ಡದಕ್ಕೆ ಸಿಕ್ಕಿಕೊಳ್ಳುತ್ತದೆ. ಇದಕ್ಕಾಗಿ ಎರಡು ಮೂರು ಮೀಟರ್ ಉದ್ದದ ಹಗ್ಗದ ತುಂಡುಗಳು ಜೊತೆಗಿರಲಿ. ಒಂದು ಮಾತು: ದಾರಿಯುದ್ದಕ್ಕೂ ಮಂತ್ರ ಕೆತ್ತಿದ ಮಣಿ ಗೋಡೆಗಳು ಸಿಗುತ್ತವೆ, ಕುರಿಗಾಹಿಗಳ ದೊಡ್ಡಿಗಳೂ ಇವೆ. ಅವುಗಳಿಂದ ಒಂದು ಕಲ್ಲನ್ನೂ ತೆಗೆಯಬೇಡಿ. ಅವು ಅಲ್ಲಿನವರ ನಂಬಿಕೆ, ಅಲ್ಲಿನವರ ಬದುಕು.

ಹೊರಡುವ ಮುಂಚೆ ಮನೆಯ ತಾರಸಿಯಲ್ಲಿ ಟೆಂಟ್ ಹಾಕಿ ನೋಡಿ. ಅಲ್ಲಿ ಗೂಟ ಹೊಡೆಯಲು ಆಗುವುದಿಲ್ಲ, ಅದೇ ಒಳ್ಳೆಯದು. ಇಟ್ಟಿಗೆಗೆ, ನೀರಿನ ಕ್ಯಾನ್‌ಗೆ ಕಟ್ಟಿ ನಿಲ್ಲಿಸುವುದು ಕಲಿತರೆ ನಿಮಾಲಿಂಗ್‌ನಲ್ಲಿ ತಡಕಾಡಬೇಕಿಲ್ಲ.

ಪ್ರಶ್ನೆ: ನಮ್ಮ ಹೊಸ ಟೆಂಟ್‌ನಲ್ಲಿ ಮಳೆ ಇಲ್ಲದ ರಾತ್ರಿಯಲ್ಲೂ ಬೆಳಿಗ್ಗೆ ಒಳಗೆ ನೀರು ಹನಿಯುತ್ತದೆ. ವಾಪಸ್ ಕೊಡಬೇಕಾ?
(ಶಿವಮೊಗ್ಗದ ಓದುಗರು)

ಉತ್ತರ: ಬೇಡ, ಅದು ಸೋರಿಕೆ ಅಲ್ಲ. ನಿಮ್ಮ ಉಸಿರಿನ ತೇವವೇ ತಣ್ಣಗಿನ ಹೊರಪದರಕ್ಕೆ ತಾಗಿ ಹನಿಯಾಗುತ್ತದೆ. ಚಳಿ ಅಂತ ಎಲ್ಲ ಮುಚ್ಚಿದಷ್ಟೂ ಹನಿ ಜಾಸ್ತಿ. ಮೇಲಿನ ಕಿಂಡಿ ತೆರೆದಿಡಿ, ಗಾಳಿ ಬಾರದ ಕಡೆಯ ಬಾಗಿಲ ಜಿಪ್ಪನ್ನು ಮೇಲಿನಿಂದ ಒಂದು ಗೇಣು ಇಳಿಸಿ. ಹೊಳೆ ಪಕ್ಕದ ತಗ್ಗು ಬಿಟ್ಟು ಸ್ವಲ್ಪ ಎತ್ತರದಲ್ಲಿ ಹಾಕಿ. ಒದ್ದೆ ಬಟ್ಟೆಗಳನ್ನು ಒಳಗೆ ಹರವಬೇಡಿ. ಒಳಗೆ ಸ್ಟವ್ ಹಚ್ಚುವುದಂತೂ ಬೇಡವೇ ಬೇಡ. ತೇವದ ಮಾತು ಹಾಗಿರಲಿ, ಮುಚ್ಚಿದ ಟೆಂಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ.