ಹೊಸ ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ಯಾವ ಯಾವ ಆಡ್-ಆನ್ ಹಾಕಿಕೊಳ್ಳಬೇಕು?

ಸ್ನೇಹಿತರು ಕಳುಹಿಸಿದ ಇಪ್ಪತ್ತು ಆಡ್-ಆನ್‌ಗಳ (ಬ್ರೌಸರ್‌ಗೆ ಹೆಚ್ಚುವರಿ ಕೆಲಸ ಕಲಿಸುವ ಪುಟ್ಟ ತಂತ್ರಾಂಶಗಳ) ಪಟ್ಟಿಯಲ್ಲಿ ಯಾವುದನ್ನು ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ. ಎರಡು ಸಾಕು: ಜಾಹೀರಾತು ತಡೆಯಲು ಯುಬ್ಲಾಕ್ ಒರಿಜಿನ್, ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬಲು ಬಿಟ್‌ವಾರ್ಡನ್. ಉಳಿದವುಗಳಲ್ಲಿ ಹೆಚ್ಚಿನವು ಮಾಡುವ ಕೆಲಸವನ್ನು ಈಗ ಬ್ರೌಸರ್ ತಾನೇ ಮಾಡುತ್ತದೆ. ಕೆಲವನ್ನಂತೂ ಹಾಕಿಕೊಳ್ಳದಿರುವುದೇ ಕ್ಷೇಮ.

ನಾನು ಇಷ್ಟು ಜಿಪುಣತನ ತೋರಿಸುವುದಕ್ಕೆ ಕಾರಣವಿದೆ. ಬಹಳಷ್ಟು ಆಡ್-ಆನ್‌ಗಳು ‘ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು’ ಅನುಮತಿ ಕೇಳುತ್ತವೆ. ಅದು ಬಾಯುಪಚಾರದ ಸಾಲಲ್ಲ. ನೀವು ತೆರೆದ ಇಮೇಲ್, ಬ್ಯಾಂಕಿನ ಪುಟದಲ್ಲಿ ಕಾಣುವ ಖಾತೆಯ ಹಣ, ಅರ್ಜಿಯಲ್ಲಿ ತುಂಬುವ ಆಧಾರ್ ಸಂಖ್ಯೆ ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಜಾಹೀರಾತು ತಡೆಯುವ ಆಡ್-ಆನ್ ಪುಟದೊಳಗೆ ಕೈಯಾಡಿಸದೆ ಕೆಲಸ ಮಾಡಲಾರದು, ಅದಕ್ಕೆ ಈ ಅಧಿಕಾರ ಕೊಡೋಣ. ಹೊಸ ಟ್ಯಾಬಿನಲ್ಲಿ ಗಡಿಯಾರ ತೋರಿಸುವುದಕ್ಕೆ ಏಕೆ ಬೇಕು? ಕೇಳುವ ಅಧಿಕಾರಕ್ಕೂ ಮಾಡುವ ಕೆಲಸಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನೊಂದು ಅಪಾಯ ಆಡ್-ಆನ್ ಹಾಕಿಕೊಂಡ ಮೇಲೆ ಬರುವಂಥದ್ದು. ನಂಬಿಕೆಯಿಂದ ನೆರೆಮನೆಯಲ್ಲಿ ಬಿಟ್ಟ ಬೀಗದ ಕೈ, ಅವರು ಮನೆ ಮಾರಿದಾಗ ಕೊಂಡವರ ಪಾಲಾಗುವಂತೆ, ಆಡ್-ಆನ್ ಕೈ ಬದಲಾದಾಗ ನೀವು ಕೊಟ್ಟ ಅನುಮತಿಯೂ ಹೊಸ ಒಡೆಯನಿಗೆ ಹೋಗುತ್ತದೆ. ದಿ ಗ್ರೇಟ್ ಸಸ್ಪೆಂಡರ್ ಎಂಬುದೊಂದಿತ್ತು. ಬಳಸದೆ ಬಿಟ್ಟ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ಅದನ್ನು ಲಕ್ಷಾಂತರ ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ರೂಪಿಸಿದವರು ಬೇರೆ ಯಾರಿಗೋ ವಹಿಸಿಕೊಟ್ಟರು. 2021ರ ಫೆಬ್ರುವರಿಯಲ್ಲಿ, ಅದರಲ್ಲಿ ದುರುದ್ದೇಶದ ತಂತ್ರಾಂಶವಿದೆ ಎಂದು ಗೂಗಲ್ ಅದನ್ನು ತೆಗೆದುಹಾಕಿತು. ಜಾಲತಾಣಗಳ ರೂಪ ಬದಲಿಸುತ್ತಿದ್ದ ಸ್ಟೈಲಿಶ್ ಕೂಡ ಹೀಗೆಯೇ ಕೈ ಬದಲಾಗಿ, ಬಳಕೆದಾರರು ಎಲ್ಲೆಲ್ಲಿ ಓಡಾಡಿದರೆಂಬ ವಿವರವನ್ನು ತನ್ನ ಸರ್ವರ್‌ಗೆ ಕಳುಹಿಸುತ್ತಿದ್ದುದು 2018ರಲ್ಲಿ ಬಯಲಾಯಿತು. ಆಡ್-ಆನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವುದರಿಂದ ಇಂಥ ಬದಲಾವಣೆ ನಮಗೆ ತಿಳಿಯುವುದೇ ಕಷ್ಟ. ಸಿಗುವ ಸುಳಿವು ಒಂದೇ: ಅಪ್‌ಡೇಟ್ ಆದ ಮೇಲೆ ಹೊಸ ಅನುಮತಿ ಬೇಕೆಂದು ಬ್ರೌಸರ್ ಕೇಳಿದರೆ, ‘ಸರಿ’ ಒತ್ತುವ ಮೊದಲು ಏಕೆಂದು ವಿಚಾರಿಸಿ.

ಈಗ ಯುಬ್ಲಾಕ್ ಒರಿಜಿನ್ ವಿಷಯ. ಇದನ್ನು ರೇಮಂಡ್ ಹಿಲ್ 2014ರಿಂದ ನಡೆಸಿಕೊಂಡು ಬಂದಿದ್ದಾರೆ, ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಹುಡುಕುವಾಗ ‘ಒರಿಜಿನ್’ ಎಂಬ ಬಾಲವನ್ನು ಮರೆಯಬೇಡಿ, ಬರೀ ಯುಬ್ಲಾಕ್ ಎಂಬುದು ಬೇರೆಯವರದು. ಇದು ಪೂರ್ಣ ರೂಪದಲ್ಲಿ ಬೇಕಿದ್ದರೆ ಫೈರ್‌ಫಾಕ್ಸ್ ಬಳಸಿ. ಮೊದಲೆಲ್ಲ ಪುಟ ಕಳುಹಿಸುವ ಪ್ರತಿಯೊಂದು ಕೋರಿಕೆಯನ್ನೂ ಆಡ್-ಆನ್ ತಾನೇ ನೋಡಿ, ಬಿಡಬೇಕೋ ತಡೆಯಬೇಕೋ ತೀರ್ಮಾನಿಸುತ್ತಿತ್ತು. ಕ್ರೋಮ್ ತಂದ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಕಟ್ಟಳೆಯಲ್ಲಿ, ಆಡ್-ಆನ್ ತಡೆಯಬೇಕಾದವುಗಳ ಪಟ್ಟಿಯನ್ನು ಮುಂಚೆಯೇ ಬ್ರೌಸರ್‌ಗೆ ಒಪ್ಪಿಸಿ ಸುಮ್ಮನಿರಬೇಕು. ಹಳೆಯ ಬಗೆಯ ಆಡ್-ಆನ್‌ಗಳನ್ನು ಕ್ರೋಮ್ 2024–25ರಲ್ಲಿ ಹಂತಹಂತವಾಗಿ ನಿಲ್ಲಿಸಿತು. ಆದ್ದರಿಂದ ಅಲ್ಲಿ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್ ಎಂಬ ತೆಳು ರೂಪ. ಸಾಮಾನ್ಯ ಬಳಕೆಗೆ ಅದೂ ಕೆಟ್ಟದ್ದಲ್ಲ. ಜಗತ್ತಿನ ಅತಿ ದೊಡ್ಡ ಜಾಹೀರಾತು ಕಂಪನಿಗಳಲ್ಲಿ ಒಂದರ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವವನಿಗೆ ಇಷ್ಟಾದರೂ ಜಾಗ ಉಳಿದಿದೆಯಲ್ಲ ಎಂದುಕೊಳ್ಳಬೇಕಷ್ಟೆ. ಮೊಬೈಲಿನಲ್ಲಿ ಕ್ರೋಮ್ ಆಡ್-ಆನ್‌ಗಳನ್ನೇ ಒಪ್ಪುವುದಿಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಸರಾಗವಾಗಿ ನಡೆಯುತ್ತದೆ. ಹಾಗೆಯೇ, ನೀವು ದಿನವೂ ಓದುವ ಸಣ್ಣ ಕನ್ನಡ ಪತ್ರಿಕೆಯ ತಾಣ ಜಾಹೀರಾತಿನಿಂದಲೇ ಬದುಕಿದ್ದರೆ ಅಲ್ಲಿ ಮಾತ್ರ ಇದನ್ನು ನಿಲ್ಲಿಸಿಡಿ, ಒಂದು ಗುಂಡಿ ಒತ್ತಿದರೆ ಆಯಿತು.

ಬಿಟ್‌ವಾರ್ಡನ್ ಏಕೆಂದರೆ ಅದು ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದ ಮುಕ್ತ ತಂತ್ರಾಂಶ, ಉಚಿತ ಖಾತೆಯಲ್ಲೇ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ಸಿಗುತ್ತದೆ. ನೆನಪಿನ ಹೊರೆ ಇಳಿಯುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಪಾಸ್‌ವರ್ಡ್ ತುಂಬುವ ಮೊದಲು ಅದು ತಾಣದ ವಿಳಾಸವನ್ನು ಹೋಲಿಸಿ ನೋಡುತ್ತದೆ. ನಿಮ್ಮ ಬ್ಯಾಂಕಿನದೇ ಎಂಬಂತೆ ಕಾಣುವ ನಕಲಿ ಪುಟಕ್ಕೆ ಎಸ್‌ಎಂಎಸ್‌ನಲ್ಲಿ ಕೊಂಡಿ ಬಂದರೆ ನಾವು ಮೋಸಹೋಗಬಹುದು, ಅದು ಹೋಗುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಇದ್ದಕ್ಕಿದ್ದಂತೆ ಪಾಸ್‌ವರ್ಡ್ ತಾನಾಗಿ ಬರಲಿಲ್ಲವೆಂದರೆ ವಿಳಾಸವನ್ನು ಅಕ್ಷರ ಅಕ್ಷರ ಓದಿ. ಒಂದೇ ಬ್ರೌಸರ್‌ಗೆ ಅಂಟಿಕೊಂಡವರಾದರೆ ಅದರೊಳಗಿನ ಪಾಸ್‌ವರ್ಡ್ ವ್ಯವಸ್ಥೆಯೂ ಇದೇ ಕೆಲಸ ಮಾಡುತ್ತದೆ, ಆಗ ಬಿಟ್‌ವಾರ್ಡನ್ ಕೂಡ ಬೇಡ.

ತಾಣಗಳನ್ನು ಸಾಧ್ಯವಾದಲ್ಲೆಲ್ಲ ಗೂಢಲಿಪಿಯ ಸುರಕ್ಷಿತ ಸಂಪರ್ಕದಲ್ಲೇ ತೆರೆಯುತ್ತಿದ್ದ, ನಿಮ್ಮ ಪಟ್ಟಿಯ ಎಚ್‌ಟಿಟಿಪಿಎಸ್ ಎವ್ರಿವೇರ್ ಒಂದು ಕಾಲಕ್ಕೆ ನಿಜಕ್ಕೂ ಬೇಕಾಗಿತ್ತು. ಬ್ರೌಸರ್‌ಗಳೇ ಆ ಕೆಲಸ ಕಲಿತಿದ್ದರಿಂದ, ಅದನ್ನು ಮಾಡಿದ, ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಅದಕ್ಕೆ ವಿದಾಯ ಹೇಳಿತು. ಟ್ಯಾಬ್ ಮಲಗಿಸುವುದಕ್ಕೆ ಕ್ರೋಮ್‌ನಲ್ಲೇ ಮೆಮೊರಿ ಸೇವರ್ ಇದೆ. ಗದ್ದಲದ ಪುಟದಿಂದ ಲೇಖನವನ್ನಷ್ಟೇ ಬಿಡಿಸಿಕೊಂಡು ಓದಲು ಫೈರ್‌ಫಾಕ್ಸ್‌ನ ಓದುವ ನೋಟವಿದೆ, ವಿಂಡೋಸ್‌ನಲ್ಲಿ ಎಫ್9 ಒತ್ತಿ ನೋಡಿ.

ಕೂಪನ್ ಹುಡುಕಿಕೊಡುವ ಆಡ್-ಆನ್‌ಗಳನ್ನು ನಾನು ಹಾಕಿಕೊಳ್ಳುವುದಿಲ್ಲ. ಹನಿ ಎಂಬ ಉಚಿತ ಕೂಪನ್ ಆಡ್-ಆನ್ ನಡೆಸುವ ಕಂಪನಿಯನ್ನು ಪೇಪಾಲ್ 2020ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಕೊಂಡಿತು. ನಾವು ಬಿಡಿಗಾಸು ಕೊಡದ ಸರಕಿಗೆ ಅಷ್ಟು ಬೆಲೆ ಏಕೆ ಬಂತೆಂದು ಯೋಚಿಸಿದರೆ ಸಾಕು.

ಕನ್ನಡ ಟೈಪಿಂಗ್‌ಗೆಂದು ಆಡ್-ಆನ್ ಹಾಕುವವರಿಗೂ ಇದೇ ಮಾತು: ಒತ್ತುವ ಪ್ರತಿ ಕೀಲಿಯನ್ನೂ ಅಪರಿಚಿತರಿಗೆ ತೋರಿಸಬೇಕಾಗಿಲ್ಲ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸ) ಮತ್ತು ಫೊನೆಟಿಕ್ (ಇಂಗ್ಲಿಷ್ ಅಕ್ಷರದ ಉಚ್ಚಾರದಂತೆ ಒತ್ತುವುದು) ಎರಡೂ ಕೀಲಿಮಣೆ ಸಿಗುತ್ತವೆ, ಬ್ರೌಸರ್‌ನ ಹೊರಗೂ ನಡೆಯುತ್ತವೆ.

ಇಷ್ಟರ ಮೇಲೂ ಇನ್ನೊಂದೆರಡು ಬೇಕೇ ಬೇಕು ಎನಿಸಿದರೆ ಹಾಕಿಕೊಳ್ಳಿ, ಆದರೆ ಬ್ಯಾಂಕಿನ ಕೆಲಸವನ್ನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ (ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ) ಮಾಡಿ. ನೀವಾಗಿ ಅನುಮತಿಸದ ಹೊರತು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅಲ್ಲಿ ಆಡ್-ಆನ್‌ಗಳು ಓಡುವುದಿಲ್ಲ. ಬಿಟ್‌ವಾರ್ಡನ್‌ಗೆ ಮಾತ್ರ ಅಲ್ಲಿ ಪ್ರವೇಶ ಕೊಡಿ.