ಆಟೋಕ್ರಾಸ್‌ಗೆ (ಕೋನ್‌ಗಳ ನಡುವೆ ಸಮಯ ಅಳೆದು ಕಾರು ಓಡಿಸುವ ಸ್ಪರ್ಧೆ) ಎಲ್ಲ ಕಾಲಕ್ಕೂ ಹಾಕುವ ಆಲ್-ಸೀಸನ್ ಟೈರ್‌ನಲ್ಲಿ ಗಾಳಿಯ ಒತ್ತಡ 36 ಪಿಎಸ್‌ಐ ಇಡಲೋ, 40 ಇಡಲೋ? ಬೇರೆ ಟೈರ್ ಹಾಕಿಸಲೋ?

ಮೊದಲ ಆಟೋಕ್ರಾಸ್‌ನ ಹಿಂದಿನ ರಾತ್ರಿ ನಾನೂ ಇದನ್ನೇ ಕಂಡಕಂಡವರ ಹತ್ತಿರ ಕೇಳಿದ್ದೆ. ನನ್ನದೂ ದಿನಾ ಓಡಿಸುವ ಫ್ರಂಟ್ ವೀಲ್ ಡ್ರೈವ್ ಕಾರು. ಬಾಗಿಲ ಪಕ್ಕದ, ಕಂಪನಿ ಹೇಳುವ ಗಾಳಿಯ ಅಳತೆಯ ಸ್ಟಿಕ್ಕರ್‌ನಲ್ಲಿ 32 ಇತ್ತು. ಯಾರೋ 40 ಅಂದರು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನಾಲ್ಕಕ್ಕೂ 40 ತುಂಬಿಸಿದೆ. ಮೂರು ರನ್ ಚೆನ್ನಾಗಿಯೇ ಹೋದವು.

ಆಮೇಲೆ ಗೇಜ್ ಇಟ್ಟು ನೋಡಿದರೆ ಮುಂದಿನವು 44. ಬಿಸಿಗೆ ಏರಿತ್ತು. ಗಾಳಿ ಬಿಟ್ಟು 40ಕ್ಕೆ ತಂದೆ. ಅಲ್ಲಿಯವರೆಗೂ ಸರಿಯಾಗೇ ಇತ್ತು. ಆಮೇಲೆ ಒಂದು ಗಂಟೆಗೂ ಜಾಸ್ತಿ ಬಿಡುವು. ಟೈರ್ ಸುಮಾರು 5-6 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಒಂದು ಪಿಎಸ್‌ಐ ಇಳಿಯುತ್ತದೆ. ನನ್ನ 40 ಅಷ್ಟರಲ್ಲಿ 36ರ ಹತ್ತಿರ ಬಂದಿತ್ತು. ನಾನು ಅಳೆಯಲೇ ಇಲ್ಲ. 40 ಇದೆ ಅಂತಲೇ ತಲೆಯಲ್ಲಿ ಕೂತಿತ್ತು.

ಮುಂದಿನ ರನ್‌ನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಜಾರಿತು. ಹಿಡಿತ ಸಾಲದು, ಗಾಳಿ ಜಾಸ್ತಿಯಾಗಿದೆ ಅಂದುಕೊಂಡು ಇನ್ನೂ 3 ಬಿಟ್ಟೆ. ನನಗೆ ದುಬಾರಿಯಾಗಿದ್ದು ಇದೇ. ಮರಳಿನಲ್ಲಿ ಗಾಳಿ ಇಳಿಸಿದರೆ ಹಿಡಿತ ಬರುತ್ತದೆ ಅಲ್ವಾ, ಅದೇ ಲೆಕ್ಕ ಇಲ್ಲಿಗೂ ಹಾಕಿದ್ದೆ. ಆದರೆ ಆಲ್-ಸೀಸನ್ ಟೈರ್‌ನ ಪಕ್ಕೆ ಮೆತ್ತಗಿರುತ್ತದೆ. ಜೋರಾಗಿ ತಿರುಗಿದಾಗ ಟೈರ್ ಪಕ್ಕಕ್ಕೆ ಮಡಚಿಕೊಂಡು, ಕಾರಿನ ಭಾರವೆಲ್ಲ ಹೊರ ಅಂಚಿನ ಮೇಲೆ ಬೀಳುತ್ತದೆ. ಗಾಳಿ ಕಡಿಮೆಯಾದಷ್ಟೂ ಮಡಚುವುದು ಜಾಸ್ತಿ. ಜಾರುತ್ತಿದೆ ಅಂತ ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೆ ಆ ಅಂಚೇ ಉಜ್ಜಿ ಸವೆಯುತ್ತದೆ. ನಾನು ಎರಡು ಕೋನ್ ಬೀಳಿಸಿದೆ. ಒಂದಕ್ಕೆ 2 ಸೆಕೆಂಡ್ ದಂಡ, ಒಟ್ಟು 4 ಹೋಯಿತು. ಸೆಕೆಂಡ್ ಹೋದರೆ ಹೋಗಲಿ, ಮುಂದಿನ ಎಡ ಟೈರ್‌ನ ಹೊರ ಅಂಚು ಒಂದೇ ಮಧ್ಯಾಹ್ನಕ್ಕೆ ಹರಿದು ಚಿಂದಿಯಾಗಿತ್ತು. ಅದು ನನಗೆ ಇವತ್ತಿಗೂ ಬೇಜಾರು.

ಹಾಗಾಗಿ 36ಓ 40ಓ ಅನ್ನುವ ಪ್ರಶ್ನೆಯನ್ನೇ ಬಿಡಿ. ಒಂದು ಸೀಮೆಸುಣ್ಣ ತಗೊಳ್ಳಿ. ಬಹಳಷ್ಟು ಟೈರ್‌ಗಳ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತದೆ. ನೆಲಕ್ಕೆ ತಾಗುವ ಭಾಗದಿಂದ ಆ ಗುರುತನ್ನು ದಾಟಿ ಪಕ್ಕೆಯವರೆಗೆ, ಮೂರು ಕಡೆ ಗೆರೆ ಎಳೆಯಿರಿ. ರನ್ ಮುಗಿದ ತಕ್ಷಣ ನೋಡಿ. ತ್ರಿಕೋನವನ್ನೂ ದಾಟಿ ಪಕ್ಕೆಯ ಮೇಲೆ ಅಳಿಸಿದ್ದರೆ 2 ಹೆಚ್ಚಿಸಿ. ಅಳಿಸಿರುವುದು ತ್ರಿಕೋನದವರೆಗೂ ತಲುಪಿರದಿದ್ದರೆ 2 ಇಳಿಸಿ. ಮುಂದೆ 40, ಹಿಂದೆ ಒಂದೆರಡು ಕಡಿಮೆ ಇಟ್ಟು ಶುರು ಮಾಡಿ. ಟೈರ್ ಮೇಲೆ ಬರೆದಿರುವ ಗರಿಷ್ಠ ಅಳತೆಯನ್ನು ಮಾತ್ರ ದಾಟಬೇಡಿ. ಎಲ್ಲವನ್ನೂ ಒಂದೇ ಗೇಜ್‌ನಲ್ಲಿ ಅಳೆಯಿರಿ. ಬಿಡುವಿನ ನಂತರ ಮತ್ತೆ ಅಳೆಯಿರಿ, ದಯವಿಟ್ಟು.

ಬೇರೆ ಟೈರ್ ಈಗ ಬೇಡವೇ ಬೇಡ. ಈ ಟೈರ್ ಜಾರುವ ಮೊದಲು ಕಿರುಗುಟ್ಟಿ ಹೇಳುತ್ತದೆ. ಕಲಿಯುವವರಿಗೆ ಅದಕ್ಕಿಂತ ಬೇರೇನು ಬೇಕು? ಈ ನಾಲ್ಕೂ ಸವೆಯುವವರೆಗೂ ಇದರಲ್ಲೇ ಓಡಿಸಿ.

ಇನ್ನೊಂದು, ಸಂಜೆ ಬಿಸಿ ಟೈರ್‌ನಲ್ಲಿ ಗಾಳಿ ಬಿಟ್ಟು 32ಕ್ಕೆ ತಂದು ಸುಮ್ನೆ ಮನೆಗೆ ಹೊರಡಬೇಡಿ. ತಣ್ಣಗಾದ ಮೇಲೆ ಅದು 32ಕ್ಕಿಂತ ಕೆಳಗಿಳಿದಿರುತ್ತದೆ. ಮರುದಿನ ಬೆಳಿಗ್ಗೆ, ಕಾರು ತೆಗೆಯುವ ಮುಂಚೆಯೇ ಸ್ಟಿಕ್ಕರ್‌ನ ಅಳತೆಗೆ ಸರಿಮಾಡಿ.